ದೇಹಕ್ಕೆ 'ಲಾಸ್ಟ್ ನೈಟ್ ಸ್ಟಡಿ' ಇಲ್ಲ

ದೀಪಾವಳಿ ರಜೆಗೆ ಊರಿಗೆ ಹೋಗಿದ್ದೆ. ನಮ್ಮೂರು ಅಷ್ಟೂರ, ಬೀದರ್ ಪಕ್ಕದಲ್ಲೇ. ಬಹಮನಿ ಸುಲ್ತಾನರ ಗುಂಬಜ್‌ಗಳ ಫೋಟೋ ನೀವು ಇನ್‌ಸ್ಟಾದಲ್ಲಿ ನೋಡಿರ್ತೀರಿ, ಅವು ಇರೋದು ನಮ್ಮೂರಲ್ಲೇ. ಆ ದಿನ ಮಧ್ಯಾಹ್ನ ಮನೆಯಲ್ಲಿ ನಾನು, ಆಯಿ ಇಬ್ಬರೇ. ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ ಅಂತೀವಿ. ಬಚ್ಚಲಮನೆಯಿಂದ ದಪ್ ಅಂತ ಸದ್ದು ಬಂತು. ಓಡಿ ಹೋಗಿ ನೋಡಿದ್ರೆ ಆಯಿ ಕಾಲು ಜಾರಿ ನೆಲದ ಮೇಲೆ ಕೂತಿದ್ದಾಳೆ. "ಏನೂ ಆಗಿಲ್ಲ, ಎಬ್ಸು" ಅಂದಳು.

ನನಗೆ ಎಬ್ಬಿಸೋಕೆ ಆಗಲಿಲ್ಲ.

ಕೈ ಹಿಡಿದು ಎಳೆದೆ. ಕಂಕುಳಿಗೆ ಕೈ ಹಾಕಿ ನೋಡಿದೆ. ಹಿಂದಿನಿಂದ ಹಿಡಿದು ಎತ್ತೋಕೆ ಹೋದೆ, ನನ್ನ ಸೊಂಟವೇ ಚಳಕ್ ಅಂತು. ಆಯಿ ತೂಕ ಹೆಚ್ಚಂದ್ರೆ 50 ಕೆಜಿ. ಕೊನೆಗೆ ಪಕ್ಕದ ಮನೆ ಕಾಕಿಯನ್ನು ಕೂಗಿದೆ. ಕಾಕಿಗೆ ಐವತ್ತರ ಹತ್ತಿರ ವಯಸ್ಸು, ಜೀವನದಲ್ಲಿ ಜಿಮ್ ಬಾಗಿಲು ನೋಡಿದವರಲ್ಲ. ಬಂದವರು ಮೊದಲು ಆಯಿಗೆ ಎಲ್ಲಿ ನೋವಿದೆ ಅಂತ ಕೇಳಿದರು, ಕಾಲು ಅಲ್ಲಾಡಿಸೋಕೆ ಹೇಳಿದರು. (ಬಿದ್ದವರನ್ನು ನನ್ನ ಹಾಗೆ ಗಡಿಬಿಡಿಯಲ್ಲಿ ಎಳೆಯಬಾರದು ಅನ್ನೋದು ಆಗಲೇ ನನಗೆ ಹೊಳೆದದ್ದು.) ಆಮೇಲೆ ಆಯಿ ಎದುರು ಕುಕ್ಕರುಗಾಲಲ್ಲಿ ಕೂತು, ಎರಡೂ ಕೈ ಅವಳ ಬೆನ್ನಿಗೆ ಹಾಕಿ ತಬ್ಬಿ, ಕಾಲಿನ ಬಲದಿಂದ ಎದ್ದರು. ಆಯಿ ಅವರ ಜೊತೆಗೇ ಎದ್ದು ನಿಂತಳು. ಹತ್ತು ಸೆಕೆಂಡಿನ ಕೆಲಸ.

ನನ್ನ ಕಡೆ ತಿರುಗಿ, "ಇಷ್ಟು ದಪ್ಪ ದಪ್ಪ ಬುಕ್ಕ ಓದ್ಲತ್ತಿ, ಆಯಿಗಿ ಎಬ್ಸಲಕ್ಕ ಬರಲ್ಲೇನವ್ವ ನಿಂಗ?" ಅಂದ್ರು. ನಕ್ಕೊಂಡೇ ಅಂದದ್ದು. ಆದ್ರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾಕಂದ್ರೆ ಆಗ ನಾನು ನನ್ನನ್ನು ಜಿಮ್‌ಗೆ ಹೋಗೋ ಹುಡುಗಿ ಅಂತ ತಿಳ್ಕೊಂಡಿದ್ದೆ. ಎರಡನೇ ಸೆಮ್‌ನಲ್ಲಿ ಅಪ್ಪನ ಹತ್ತಿರ ದುಡ್ಡು ಕೇಳಿ ಆರು ತಿಂಗಳ ಫೀಸ್ ಕಟ್ಟಿದ್ದೆ. ಹೊಸ ಶೂ, ಶೇಕರ್ ಬಾಟಲಿ, ಫೋನಿನಲ್ಲಿ ಒಂದು ಆ್ಯಪ್, ಎಲ್ಲಾ ಇತ್ತು. ದಿನಕ್ಕೊಂದು ರೀಲ್ಸ್ ನೋಡಿ ದಿನಕ್ಕೊಂದು ಹೊಸ ವ್ಯಾಯಾಮ. ಮೊದಲ ವಾರ ದಿನಾ ಎರಡು ಗಂಟೆ, ಮೂರನೇ ವಾರ ಮೈಯೆಲ್ಲಾ ನೋವು, ಐದನೇ ವಾರ ಇಂಟರ್ನಲ್ಸ್. ಆಮೇಲೆ ಹೋಗಲೇ ಇಲ್ಲ. ಲೆಕ್ಕ ಹಾಕಿ ನೋಡಿದೆ, ಆರು ತಿಂಗಳಲ್ಲಿ ಹೋದದ್ದು 17 ದಿನ. ನಿಮ್ಮಲ್ಲಿ ಎಷ್ಟೋ ಜನರ ಲೆಕ್ಕ ಇದಕ್ಕಿಂತ ಬೇರೆ ಇರಲಿಕ್ಕಿಲ್ಲ ಅಂತ ನನ್ನ ಅಂದಾಜು.

ತಪ್ಪು ಜಿಮ್‌ದಲ್ಲ. ನಾನು ಕೇಳಿಕೊಂಡ ಪ್ರಶ್ನೆಯೇ ತಪ್ಪಿತ್ತು. "ಹೇಗೆ ಕಾಣಬೇಕು" ಅಂತ ಕೇಳಿದ್ದೆ. "ಈ ದೇಹದಿಂದ ನನಗೆ ಏನು ಕೆಲಸ ಆಗಬೇಕು" ಅಂತ ಯಾವತ್ತೂ ಕೇಳಿರಲಿಲ್ಲ.

ಈಗ ಕೇಳಿ ನೋಡಿ. ಹಾಸ್ಟೆಲಿನ ಮೂರನೇ ಮಹಡಿಗೆ 20 ಲೀಟರ್ ನೀರಿನ ಕ್ಯಾನ್ ಹೊತ್ತು ಹೋಗಬೇಕು. ಹಬ್ಬದ ರಜೆಯಲ್ಲಿ ಬಸ್ಸಿನಲ್ಲಿ ಸೀಟ್ ಸಿಗದೆ ಮೂರು ಗಂಟೆ ನಿಲ್ಲಬೇಕು. ಸರ್ವೇ ಕ್ಯಾಂಪಿನಲ್ಲಿ ಟ್ರೈಪಾಡ್ ಹೆಗಲ ಮೇಲಿಟ್ಟು ಬಿಸಿಲಲ್ಲಿ ನಡೆಯಬೇಕು. ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಕೂತರೂ ಬೆನ್ನು ಸೋಲಬಾರದು. ಮನೆಯಲ್ಲಿ ಯಾರಾದ್ರೂ ಬಿದ್ದರೆ ಎಬ್ಬಿಸೋಕೆ ಬರಬೇಕು. ಇದಿಷ್ಟಕ್ಕೆ ಬೇಕಾದ್ದು ಐದೇ ಚಲನೆ: ಕೂತು ಏಳೋದು, ಸೊಂಟದಿಂದ ಬಗ್ಗಿ ಎತ್ತೋದು, ತಳ್ಳೋದು, ಎಳೆಯೋದು, ಹೊತ್ತು ನಡೆಯೋದು. ಜೊತೆಗೆ ಉಸಿರು ಹಿಡಿಯುವಷ್ಟು ನಡಿಗೆ ಅಥವಾ ಓಟ. ಉಳಿದ ಐವತ್ತು ಬಗೆಯ ವ್ಯಾಯಾಮ ಇವುಗಳದ್ದೇ ಬೇರೆ ಬೇರೆ ರೂಪ.

ಕಾಕಿ ಮಾಡಿದ್ದು ಒಂದು ಪರಿಪೂರ್ಣ ಸ್ಕ್ವಾಟ್. ನಮ್ಮ ಕಡೆ ಹೊಲದಲ್ಲಿ ಸೋಯಾ, ತೊಗರಿ, ಉದ್ದು ಬೆಳೀತಾರೆ. ಕುಕ್ಕರುಗಾಲಲ್ಲಿ ಕೂತು ಕಳೆ ತೆಗೆಯೋದು, ರಾಶಿಗೆ ಕಟ್ಟು ಹೊರೋದು, ಕೊಡ ಎತ್ತೋದು ಅವರ ದಿನದ ಕೆಲಸ. ಮೂವತ್ತು ವರ್ಷದಿಂದ ಅದನ್ನೇ ಮಾಡ್ತಾ ಇದ್ದಾರೆ. ಹೊಲದ ಕೆಲಸ ಚೆಂದ ಅಂತ ಹೇಳೋಕೆ ಇದನ್ನ ಬರೀತಿಲ್ಲ. ಆ ಕೆಲಸದಲ್ಲಿ ಮೊಣಕಾಲು ಸವೆಸಿಕೊಂಡವರನ್ನೂ ನಾನು ನೋಡಿದ್ದೀನಿ, ಅವರಿಗೆ ವಿಶ್ರಾಂತಿ ಸಿಗೋದಿಲ್ಲ. ಆದರೆ ದಿನಾ ಮಾಡಿದ ಸಾದಾ ಚಲನೆ ದೇಹದಲ್ಲಿ ಎಷ್ಟು ಗಟ್ಟಿಯಾಗಿ ಕೂತಿರುತ್ತೆ ಅನ್ನೋದಕ್ಕೆ ಕಾಕಿಗಿಂತ ಉದಾಹರಣೆ ಬೇಡ.

ಇದೆಲ್ಲಾ ಹೊಸ ವಿಷಯ ಅಂದ್ಕೊಂಡಿದ್ದೆ. ಹುಡುಕಿದಾಗ ಗೊತ್ತಾಯ್ತು, ನಮ್ಮ ಜಿಲ್ಲೆಗೇ ಇದು ಹಳೇ ಪಾಠ. ಹಳೇ ಬೀದರ್ ನಡುವೆ ಚೌಬಾರಾ ಅಂತ ಗುಂಡನೆಯ ಎತ್ತರದ ಗೋಪುರ ಇದೆ. ಅದರ ಸುತ್ತಲಿನ ಊರಿನ ನಾಲ್ಕು ಭಾಗಕ್ಕೂ ಒಂದೊಂದು ತಾಲೀಮ್, ಅಂದ್ರೆ ಗರಡಿಮನೆ ಇತ್ತು. ನೂರ್ ಖಾನ್ ತಾಲೀಮ್, ಸಿದ್ದಿ ತಾಲೀಮ್, ಮನಿಯಾರ್ ತಾಲೀಮ್, ಪನ್ಸಾಲ್ ತಾಲೀಮ್. ಬೀದರ್‌ನ ಸ್ಮಾರಕಗಳ ಬಗ್ಗೆ 1947ರಲ್ಲಿ ಪುಸ್ತಕ ಬರೆದ ಇತಿಹಾಸಕಾರ ಗುಲಾಂ ಯಾಜ್ದಾನಿ ಇವುಗಳನ್ನೂ ದಾಖಲಿಸಿದ್ದಾರೆ. ನಾನು ಚಿಕ್ಕಂದಿನಿಂದ ಈ ಹೆಸರುಗಳನ್ನ ಆಟೋದವರ ಬಾಯಲ್ಲಿ ಬರೀ ಏರಿಯಾ ಹೆಸರು ಅಂತ ಕೇಳಿದ್ದೆ. 'ತಾಲೀಮ್' ಅನ್ನೋ ಪದಕ್ಕೆ ಮೂಲದಲ್ಲಿ ಶಿಕ್ಷಣ, ಪಾಠ ಅಂತಲೇ ಅರ್ಥ. ಅಂದ್ರೆ ನಮ್ಮ ಹಿರಿಯರಿಗೆ ಗರಡಿಯೂ ಒಂದು ಶಾಲೆ. ಅಲ್ಲಿ ವಸ್ತಾದ್ ಹೊಸ ಹುಡುಗನಿಗೆ ಮೊದಲ ದಿನವೇ ಕುಸ್ತಿಯ ಪಟ್ಟು ಕಲಿಸೋದಿಲ್ಲ. ಮಣ್ಣು ಹದ ಮಾಡು, ದಂಡ ಹೊಡಿ, ಬೈಠಕ್ ಹೊಡಿ ಅಂತಾನೆ. ತಿಂಗಳುಗಟ್ಟಲೆ ಅದೇ. ಆಮೇಲೆ ಪಟ್ಟು.

ಇನ್ನೂ ಹಿಂದೆ ಹೋದರೆ, ಇವತ್ತಿನ ಬಸವಕಲ್ಯಾಣ ಚಾಲುಕ್ಯರ ರಾಜಧಾನಿ ಆಗಿದ್ದಾಗ ದೊರೆ ಮೂರನೇ ಸೋಮೇಶ್ವರ ಬರೆದ 'ಮಾನಸೋಲ್ಲಾಸ' ಇದೆ. 1129ರ ಸುಮಾರಿನ ಸಂಸ್ಕೃತ ಗ್ರಂಥ. ಅದರಲ್ಲಿ ಮಲ್ಲವಿನೋದ ಅನ್ನೋ ಭಾಗದಲ್ಲಿ ಜಟ್ಟಿಗಳ ತರಬೇತಿ ಬರುತ್ತೆ. ಭಾರ ಎತ್ತೋದು, ನಡೆಯೋದು, ನೀರಲ್ಲಿ ಈಜೋದು, ತೋಳಿನ ಶ್ರಮ, ಕಂಬದ ಮೇಲಿನ ಶ್ರಮ ಹೀಗೆ ಪಟ್ಟಿ. ಸುಮಾರು 900 ವರ್ಷದ ಹಿಂದಿನ ಪಟ್ಟಿಗೂ ನಾನು ಮೇಲೆ ಬರೆದ ಪಟ್ಟಿಗೂ ಎಷ್ಟು ವ್ಯತ್ಯಾಸ ಇದೆ, ನೀವೇ ನೋಡಿ. ಒಂದು ವ್ಯತ್ಯಾಸ ಮಾತ್ರ ದೊಡ್ಡದು: ತಾಲೀಮ್ ಇರಲಿ, ಮಲ್ಲವಿನೋದ ಇರಲಿ, ಅಲ್ಲಿ ಇರೋದು ಗಂಡಸರು. ಅದರ ಮಾತು ಆಮೇಲೆ ಹೇಳ್ತೀನಿ.

ಈಗ ನಮ್ಮ ಕಾಕಾನ ಮಗನ ಕಥೆ. ಅಣ್ಣನಿಗೆ ಅಗ್ನಿವೀರ್ ಆಗೋ ಆಸೆ. ಆನ್‌ಲೈನ್ ಪರೀಕ್ಷೆ ಮೊದಲ ಸಲವೇ ಪಾಸಾದ. ಮುಂದೆ ರ್‍ಯಾಲಿಯಲ್ಲಿ ದೈಹಿಕ ಪರೀಕ್ಷೆ: 1.6 ಕಿಲೋಮೀಟರ್ ಓಟ, ಪುಲ್‌ಅಪ್, ಹಳ್ಳ ಜಿಗಿತ, ಬ್ಯಾಲೆನ್ಸ್. ಅವನ ಸಲದ ನಿಯಮದ ಪ್ರಕಾರ ಓಟ 5 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಿದರೆ ಪೂರ್ತಿ 60 ಅಂಕ, 5 ನಿಮಿಷ 45 ಸೆಕೆಂಡ್ ದಾಟಿದರೆ ಮನೆಗೆ. 10 ಪುಲ್‌ಅಪ್‌ಗೆ 40 ಅಂಕ. ರ್‍ಯಾಲಿಗೆ ಒಂದು ತಿಂಗಳಿದೆ ಅನ್ನುವಾಗ ಅಣ್ಣ ಓಡೋಕೆ ಶುರು ಮಾಡಿದ. ಬೆಳಿಗ್ಗೆ ಗುಂಬಜ್‌ನಿಂದ ಚೌಖಂಡಿ ಕಡೆಗೆ, ಸಂಜೆ ಮತ್ತೆ ಅದೇ ದಾರಿ. ದಿನಕ್ಕೆ ಹತ್ತು ಕಿಲೋಮೀಟರ್, ಡಾಂಬರು ರಸ್ತೆ ಮೇಲೆ, ಹಳೇ ಶೂನಲ್ಲಿ. ಮೂರನೇ ವಾರಕ್ಕೆ "ಕಾಲಾಗ ಬೆಂಕಿ ಹತ್ತಿದಂಗ ಆಗ್ಲತದ" ಅಂದ. ಮೊಣಕಾಲ ಕೆಳಗಿನ ಮೂಳೆಯ ಉದ್ದಕ್ಕೂ ನೋವು. ರ್‍ಯಾಲಿ ದಿನ ನೋವಿನ ಮಾತ್ರೆ ನುಂಗಿ ಓಡಿದ, ಮೂರನೇ ಸುತ್ತಿಗೇ ನಿಂತುಬಿಟ್ಟ. ಅವನಂಥ ಹುಡುಗರಿಗೆ ಆಗ ವಯಸ್ಸಿನ ಮಿತಿ 21 ಇತ್ತು. ಒಂದು ವರ್ಷ ಹೋಯ್ತು ಅಂದ್ರೆ ಬರೀ ಒಂದು ವರ್ಷ ಅಲ್ಲ ಅದು.

ನಮಗೆ ಈ ಚಟ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಕಾಲೇಜಿನಲ್ಲಿ ಒಂದು ರಾತ್ರಿ ಕೂತು ಐದು ಮಾಡ್ಯೂಲ್ ಓದಿ ಪಾಸಾಗಬಹುದು. ನಾನೂ ಆಗಿದ್ದೀನಿ. ಆದರೆ ಮೂಳೆಗೆ, ಸ್ನಾಯುವಿಗೆ, ಶ್ವಾಸಕೋಶಕ್ಕೆ ಹಿಂದಿನ ವರ್ಷದ ಕ್ವಶ್ಚನ್ ಪೇಪರ್ ಕೊಡೋಕೆ ಆಗಲ್ಲ. ಅವು ತಮ್ಮ ಸ್ಪೀಡಿನಲ್ಲೇ ಕಲಿಯೋದು.

ಯಾಕೆ ಅನ್ನೋದನ್ನ ಎಂಜಿನಿಯರಿಂಗ್ ಭಾಷೆಯಲ್ಲೇ ಹೇಳಬಹುದು. ಮೆಟೀರಿಯಲ್ಸ್ ಕ್ಲಾಸಿನಲ್ಲಿ ಫಟೀಗ್ ಓದಿದ್ದೀವಿ. ಕಬ್ಬಿಣದ ತುಂಡಿನ ಮೇಲೆ ಮತ್ತೆ ಮತ್ತೆ ಲೋಡ್ ಹಾಕ್ತಾ ಹೋದರೆ ಸಣ್ಣ ಬಿರುಕು ಹುಟ್ಟಿ, ಬೆಳೆದು, ಒಂದು ದಿನ ಮುರಿಯುತ್ತೆ. ಮೂಳೆಯ ಮೇಲೂ ಮತ್ತೆ ಮತ್ತೆ ಲೋಡ್ ಬೀಳುತ್ತೆ, ಅಲ್ಲೂ ಸೂಕ್ಷ್ಮ ಬಿರುಕು ಹುಟ್ಟುತ್ತೆ. ಆದರೆ ಮೂಳೆ ತಾನೇ ರಿಪೇರಿ ಮಾಡ್ಕೊಳ್ಳುತ್ತೆ, ಮುಂದಿನ ಸಲಕ್ಕೆ ಇನ್ನಷ್ಟು ಗಟ್ಟಿಯಾಗುತ್ತೆ. ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಬದಲಾಯಿಸಿಕೊಳ್ಳುತ್ತೆ ಅಂತ ಜರ್ಮನಿಯ ಸರ್ಜನ್ ಜೂಲಿಯಸ್ ವೂಲ್ಫ್ 1892ರಲ್ಲೇ ಬರೆದಿದ್ದ. ಷರತ್ತು ಒಂದೇ: ರಿಪೇರಿಗೆ ಟೈಮ್ ಕೊಡಬೇಕು. ರಿಪೇರಿಗಿಂತ ವೇಗವಾಗಿ ಲೋಡ್ ಹಾಕಿದರೆ ಮೂಳೆಯೂ ಕಬ್ಬಿಣದ ಹಾಗೇ ವರ್ತಿಸುತ್ತೆ. ಸ್ಟ್ರೆಸ್ ಫ್ರಾಕ್ಚರ್ ಅಂದ್ರೆ ಅದೇ. ಅಣ್ಣನಿಗೆ ಅಲ್ಲಿಯವರೆಗೆ ಹೋಗಲಿಲ್ಲ, ಅವನ ಪುಣ್ಯ.

ಇನ್ನೊಂದು ಹೆಸರು ಥಾಮಸ್ ಡಿಲೋರ್ಮ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ವೈದ್ಯ. ಮೊಣಕಾಲಿಗೆ ಗಾಯ ಆದ ಸೈನಿಕರ ತೊಡೆಗೆ ಬಲ ಬರಿಸೋಕೆ ಅವನು ಲೆಕ್ಕ ಇಟ್ಟು ತೂಕ ಎತ್ತಿಸಿದ, ಸ್ವಲ್ಪ ಸ್ವಲ್ಪವೇ ತೂಕ ಏರಿಸಿದ. 1945ರಲ್ಲಿ ಅದರ ಬಗ್ಗೆ ಬರೆದ. ಇವತ್ತು ಜಿಮ್‌ನಲ್ಲಿ ಎಲ್ಲರೂ ಹೇಳುವ 'ಹತ್ತು ಹತ್ತರಂತೆ ಮೂರು ಸೆಟ್' ಅವನ ಕೆಲಸದಿಂದಲೇ ಹರಡಿದ್ದು. ದೇಹಕ್ಕೆ ಇವತ್ತಿಗಿಂತ ನಾಳೆ ಒಂದು ಚೂರು ಹೆಚ್ಚು ಕೆಲಸ ಕೊಡಬೇಕು, ಒಂದು ಚೂರು ಮಾತ್ರ.

ನಾನು ಏನು ಮಾಡಿದೆ ಅಂತ ಹೇಳ್ತೀನಿ. ನಾನು ಟ್ರೇನರ್ ಅಲ್ಲ, ಮೊದಲೇ ನೋವು ಅಥವಾ ಕಾಯಿಲೆ ಇರೋರು ಡಾಕ್ಟರ್ ಕೇಳಿಯೇ ಶುರು ಮಾಡಿ.

ಹಾಸ್ಟೆಲಿಗೆ ವಾಪಸ್ ಬಂದ ಮೇಲೆ ವಾರಕ್ಕೆ ನಾಲ್ಕು ದಿನ, ದಿನಕ್ಕೆ 25 ನಿಮಿಷ ಅಂತ ಗೊತ್ತು ಮಾಡ್ಕೊಂಡೆ. ಕುರ್ಚಿ ಮೇಲೆ ಕೂತು ಕೈ ಊರದೆ ಏಳೋದು, ಎಂಟರ ಮೂರು ಸೆಟ್. ನಗಬೇಡಿ, ಮೊದಲ ವಾರ ಅದೇ ಸಾಕಾಯ್ತು. ಆಮೇಲೆ ಕುರ್ಚಿ ಬಿಟ್ಟು ಪೂರ್ತಿ ಕೂತು ಏಳೋದು, ಆಮೇಲೆ ಬ್ಯಾಗಿಗೆ ಪುಸ್ತಕ ತುಂಬಿ ಎದೆಗೆ ಅಪ್ಪಿಕೊಂಡು. ಅದೇ ಬ್ಯಾಗನ್ನು ನೆಲದಿಂದ ಬೆನ್ನು ನೇರ ಇಟ್ಟು, ಸೊಂಟ ಹಿಂದಕ್ಕೆ ತಳ್ಳಿ ಎತ್ತೋದು. ಪುಷ್‌ಅಪ್ ಗೋಡೆಗೆ ಶುರು ಮಾಡಿದೆ. ಗೋಡೆಯಿಂದ ಟೇಬಲ್, ಟೇಬಲ್‌ನಿಂದ ಮಂಚ, ಮಂಚದಿಂದ ನೆಲ. ಎಳೆಯೋದಕ್ಕೆ ಗ್ರೌಂಡಿನ ಬಾರ್ ಹಿಡಿದು ಜೋತು ಬೀಳೋದು, ಮೊದಲ ದಿನ 9 ಸೆಕೆಂಡ್. ಹೊರೋದಕ್ಕೆ ಎರಡೂ ಕೈಯಲ್ಲಿ ಅರ್ಧ ಬಕೆಟ್ ನೀರು, ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿ. ಹಿಂದಿನ ದಿನಕ್ಕಿಂತ ಒಂದು ಹೆಚ್ಚು ಮಾಡೋಕೆ ಆದರೆ ಹೆಚ್ಚು, ಇಲ್ಲಾಂದ್ರೆ ಅಷ್ಟೇ. ಸೊಂಟ ಬಾಗಿದರೆ, ಮೊಣಕಾಲು ಒಳಗೆ ಸರಿದರೆ ಆ ಒಂದು ಲೆಕ್ಕಕ್ಕಿಲ್ಲ. ಎಲ್ಲಾ ಒಂದು ಹಳೇ ಲ್ಯಾಬ್ ರೆಕಾರ್ಡಿನ ಹಿಂದಿನ ಪುಟದಲ್ಲಿ ಬರೆದಿಟ್ಟೆ.

ನೆಲದ ಮೇಲೆ ಮೊದಲ ಪೂರ್ತಿ ಪುಷ್‌ಅಪ್ ಬಂದದ್ದು 14ನೇ ವಾರ. ಒಂದೇ ಒಂದು. ರೂಮ್‌ಮೇಟ್ ಚಪ್ಪಾಳೆ ಹೊಡೆದಳು. ಮೂರು ತಿಂಗಳಿಗೆ ಒಂದು ಪುಷ್‌ಅಪ್ ಅಂದ್ರೆ ರೀಲ್ಸ್ ಲೆಕ್ಕದಲ್ಲಿ ಸೋಲು. ನನಗೆ ಮಾತ್ರ ಯಾವ ಸೆಮ್‌ನ ಎಸ್‌ಜಿಪಿಎ ಕೂಡ ಅಷ್ಟು ಖುಷಿ ಕೊಟ್ಟಿಲ್ಲ.

ಮಧ್ಯೆ ತಪ್ಪಿದ ದಿನಗಳೂ ಇವೆ. ಜ್ವರ, ಲ್ಯಾಬ್ ಎಕ್ಸಾಮ್, ಸುಮ್ಮನೆ ಸೋಮಾರಿತನ. ಹಿಂದೆಲ್ಲಾ ಎರಡು ದಿನ ತಪ್ಪಿದ್ರೆ "ಹಾಳಾಯ್ತು, ಮುಂದಿನ ತಿಂಗಳು ಒಂದನೇ ತಾರೀಕಿಂದ" ಅಂತಿದ್ದೆ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಅವರ ತಂಡ 96 ಜನರ ಮೇಲೆ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟ ಆಗಿದೆ. ಹೊಸ ಅಭ್ಯಾಸ ತಾನಾಗೇ ಬರುವಷ್ಟು ಆಗೋಕೆ ಸರಾಸರಿ 66 ದಿನ ಬೇಕಾಯ್ತು, ಕೆಲವರಿಗೆ 18, ಕೆಲವರಿಗೆ 254 ಅಂತ ಲೆಕ್ಕ ಹಾಕಿದರು. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟ ಆಗಲಿಲ್ಲ. '21 ದಿನದಲ್ಲಿ ಅಭ್ಯಾಸ' ಅಂತ ಹೇಳೋರನ್ನ ನಂಬಬೇಡಿ, 22ನೇ ದಿನ ನಿಮ್ಮ ಮೇಲೆ ನಿಮಗೇ ಬೇಜಾರಾಗುತ್ತೆ.

ಟೈಮ್ ಇಲ್ಲ ಅನ್ನೋರಿಗೆ ಒಂದು ಲೆಕ್ಕ. ವಾರಕ್ಕೆ 10,080 ನಿಮಿಷ. ನಾನು ಕೇಳ್ತಿರೋದು 100 ನಿಮಿಷ, ಶೇಕಡಾ ಒಂದು. ಪ್ರೋಟೀನ್ ಪೌಡರ್‌ಗೆ ದುಡ್ಡಿಲ್ಲ ಅನ್ನೋರಿಗೆ ಇನ್ನೊಂದು. ನನ್ನ ಹತ್ತಿರಾನೂ ಇಲ್ಲ. ಮೆಸ್ಸಿನ ಬೇಳೆಯನ್ನ ತಟ್ಟೆಯಲ್ಲಿ ಬಿಡದೆ ತಿನ್ನೋದು, ಮೊಟ್ಟೆ ಅಥವಾ ಮೊಸರು, ಊರಿಂದ ತಂದ ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಅದಕ್ಕಿಂತ ಕಷ್ಟ ಆದದ್ದು ರಾತ್ರಿ ಎರಡು ಗಂಟೆಗೆ ಮಲಗೋದನ್ನ ಬಿಡೋದು. ಮೂಳೆಯ ರಿಪೇರಿ ಬಗ್ಗೆ ಇಷ್ಟು ಬರೆದ ಮೇಲೆ ನಿದ್ದೆಯ ಬಗ್ಗೆ ಬೇರೆ ಹೇಳಬೇಕಿಲ್ಲ.

ಈಗ ಹುಡುಗಿಯರ ಮಾತು. ನಾನು ಬಾರ್‌ಗೆ ಜೋತು ಬೀಳೋಕೆ ಮೊದಲ ದಿನ ಗ್ರೌಂಡಿಗೆ ಹೋದಾಗ ಕ್ರಿಕೆಟ್ ಆಡ್ತಿದ್ದವರು ಆಟ ನಿಲ್ಲಿಸಿ ನೋಡಿದರು. ಯಾರೂ ಏನೂ ಅನ್ನಲಿಲ್ಲ, ಆದ್ರೂ ಎರಡನೇ ದಿನ ಹೋಗೋಕೆ ಮನಸ್ಸು ಬರಲಿಲ್ಲ. ಗೆಳತಿಯನ್ನ ಕರ್ಕೊಂಡು ಹೋದೆ. ಈಗ ಐದು ಜನ ಆಗಿದ್ದೀವಿ, ಯಾರೂ ತಿರುಗಿ ನೋಡಲ್ಲ. ಹುಡುಗರೇ, ನಿಮ್ಮಿಂದ ಕೇಳೋದು ಇಷ್ಟೇ, ನೋಡಬೇಡಿ. ಹುಡುಗಿಯರೇ, "ಕೈಕಾಲು ಗಂಡಸರ ಹಾಗೆ ಆಗುತ್ತೆ" ಅನ್ನೋದನ್ನ ಕಿವಿಗೆ ಹಾಕ್ಕೋಬೇಡಿ. ಆಯಿಯನ್ನ ಎಬ್ಬಿಸಿದ ಕಾಕಿಯ ಕೈ ಯಾವ ಗಂಡಸಿನ ಕೈಯ ಹಾಗೂ ಇಲ್ಲ.

ಕಾಲೇಜಿಗೂ ಒಂದು ಮಾತು, ನಮಗೂ ಒಂದು ಮಾತು. ವಿಟಿಯು 2022ರ ಸ್ಕೀಮಿನಲ್ಲಿ ಮೂರನೇ ಸೆಮ್‌ನಿಂದ ಆರನೇ ಸೆಮ್‌ವರೆಗೆ ಎನ್‌ಎಸ್‌ಎಸ್, ಪಿಇ, ಯೋಗ ಈ ಮೂರರಲ್ಲಿ ಒಂದು ಕಡ್ಡಾಯ. ಕ್ರೆಡಿಟ್ ಇಲ್ಲ, ಅದಕ್ಕೇ ನಮಗೆ ಗೌರವವೂ ಇಲ್ಲ. ಸಹಿ ಸಿಕ್ಕರೆ ಸಾಕು ಅಂತೀವಿ. ನಾಲ್ಕು ಸೆಮ್ ಅಂದ್ರೆ ಎರಡು ವರ್ಷ. ಗೋಡೆ ಪುಷ್‌ಅಪ್‌ನಿಂದ ಶುರು ಮಾಡಿದವಳು ನೆಲದ ಮೇಲೆ ಇಪ್ಪತ್ತು ಹೊಡೆಯೋಕೆ ಅಷ್ಟು ಸಾಕು. ಪಿಇ ಪೀರಿಯಡ್‌ನಲ್ಲಿ ಚೆನ್ನಾಗಿ ಆಡೋ ಹನ್ನೊಂದು ಜನರಿಗೆ ಬಾಲ್ ಕೊಟ್ಟು ಉಳಿದವರನ್ನ ನೆರಳಲ್ಲಿ ಕೂರಿಸುವ ಬದಲು, ಎಲ್ಲರಿಗೂ ಆ ಐದು ಚಲನೆ ಸರಿಯಾಗಿ ಕಲಿಸಿದರೆ ಸಾಕು. ಗ್ರೌಂಡಿನಲ್ಲಿ ಹುಡುಗಿಯರ ಕೈಗೆ ಎಟಕುವ ಎತ್ತರಕ್ಕೆ ಇನ್ನೊಂದು ಬಾರ್, ಬೆಳಿಗ್ಗೆ ಆರರಿಂದ ಏಳರವರೆಗೆ ಗೇಟ್ ಓಪನ್. ಇದಕ್ಕೆ ದೊಡ್ಡ ಬಜೆಟ್ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯೂ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ನಡಿಗೆಯಂಥ ಶ್ರಮ, ಎರಡು ದಿನ ಸ್ನಾಯು ಬಲದ ವ್ಯಾಯಾಮ ಅಂತ. ಟೈಮ್‌ಟೇಬಲ್‌ನಲ್ಲಿ ಜಾಗ ಈಗಾಗಲೇ ಇದೆ, ನಾವು ಬಳಸಬೇಕು.

ಅಣ್ಣ ಮುಂದಿನ ಸಲಕ್ಕೆ ಎಂಟು ತಿಂಗಳ ಮೊದಲೇ ಶುರು ಮಾಡಿದ. ಮೊದಲ ತಿಂಗಳು ಬರೀ ನಡಿಗೆ, ಆಮೇಲೆ ಒಂದು ದಿನ ಓಟ ಒಂದು ದಿನ ಬಿಡುವು, ಹೊಲದ ಮಣ್ಣಿನ ದಾರಿಯಲ್ಲಿ. ಈ ಸಲ ಓಟ ಮುಗಿಸಿದ, 5 ನಿಮಿಷ 38 ಸೆಕೆಂಡ್. ಫೈನಲ್ ಲಿಸ್ಟ್ ಇನ್ನೂ ಬಂದಿಲ್ಲ. ಬರದೇ ಇದ್ರೂ ಕಾಲು ಚೆನ್ನಾಗಿದೆ, ಪೊಲೀಸ್ ಪರೀಕ್ಷೆಗೆ ಹಾಕ್ತೀನಿ ಅಂತಿದ್ದಾನೆ.

ಹೋಳಿ ಆದ ಮೇಲೆ ನಮ್ಮೂರಲ್ಲಿ ಜಾತ್ರೆ. ಸುಲ್ತಾನ್ ಅಹಮದ್ ಶಾ ವಲಿಯನ್ನ ನಮ್ಮ ಕಡೆ ಮುಸ್ಲಿಮರು ವಲಿ ಅಂತ, ಲಿಂಗಾಯತರು ಅಲ್ಲಮಪ್ರಭು ಅಂತ ನಂಬಿ ಒಟ್ಟಿಗೇ ಬರ್ತಾರೆ. ಮನೆ ತುಂಬಾ ನೆಂಟರು. 25 ಕೆಜಿ ಅಕ್ಕಿ ಚೀಲ ಆಟೋದಿಂದ ಇಳಿಸಬೇಕಿತ್ತು, ಅಪ್ಪ ಯಾರನ್ನೋ ಕೂಗೋಕೆ ಹೋದರು. ಅಷ್ಟರಲ್ಲಿ ನಾನು ಕೂತು, ಚೀಲ ಎದೆಗೆ ಅಪ್ಪಿ, ಎದ್ದು ಒಳಗೆ ಇಟ್ಟು ಬಂದೆ. ಯಾರೂ ಅದನ್ನ ಗಮನಿಸಲಿಲ್ಲ. ಕಟ್ಟೆ ಮೇಲೆ ಕೂತಿದ್ದ ಆಯಿ ಮಾತ್ರ ನೋಡಿದಳು.

ಈಗ ದಿನಾ ಸಂಜೆ ಫೋನ್ ಮಾಡಿದಾಗ ಆಯಿಗೂ ಹೋಂವರ್ಕ್. ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಐದು ಸಲ ಕೂತು ಏಳಬೇಕು, ಅಮ್ಮ ಪಕ್ಕದಲ್ಲಿ ನಿಂತಿರ್ತಾಳೆ. ಆಯಿ ಎಣಿಸ್ತಾಳೆ, ನಾನೂ ಈ ಕಡೆ ಜೊತೆಗೆ ಮಾಡ್ತೀನಿ. ನಾಲ್ಕಕ್ಕೇ ಐದು ಅಂತ ಮೋಸ ಮಾಡ್ತಾಳೆ, ಹಿಡಿದು ಹಾಕ್ತೀನಿ.

ನೀವೂ ನಾಳೆ ಬೆಳಿಗ್ಗೆ ನಿಮ್ಮ ಹಾಸ್ಟೆಲ್ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ನೋಡಿ. ನಾಡಿದ್ದು ಹನ್ನೊಂದು. ನನ್ನ ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಿ, ಓದಿದ್ದೆಲ್ಲಾ ಇಂಗ್ಲಿಷ್ ಮೀಡಿಯಂ. ಕನ್ನಡ ಬರೆಯೋದನ್ನೂ ವಾರಕ್ಕೊಂದು ಪುಟದಂತೆ ಹೀಗೇ ಕಲೀತಿದ್ದೀನಿ.